ಅಂದಿನ ನಾನು, ಇಂದಿನ ನಾನು: ಮಕ್ಕಳಿಗೆ ನೆನಪಿನ ಬರಹ ಕಲಿಸುವ ದಾರಿ

‘ನನ್ನ ಬಾಲ್ಯ’ ಎಂದು ಬೋರ್ಡಿನ ಮೇಲೆ ಬರೆದು ಮಕ್ಕಳನ್ನು ಬರೆಯಲು ಬಿಟ್ಟರೆ ಏನು ಬರುತ್ತದೆಂದು ಕನ್ನಡ ಪಾಠ ಮಾಡುವ ಎಲ್ಲರಿಗೂ ಗೊತ್ತು. ಬಾಲ್ಯ ಜೀವನದ ಸುವರ್ಣಯುಗ ಎಂಬ ಪೀಠಿಕೆ, ಊರಿನ ಪ್ರಕೃತಿ ಸೌಂದರ್ಯದ ವಿವರಣೆ, ಕಳೆದ ದಿನ ಮರಳಿ ಬಾರದು ಎಂಬ ಉಪಸಂಹಾರ. ತೀರ್ಥಹಳ್ಳಿ ಕಡೆಯ ತೋಟದ ಮನೆಯ ಹುಡುಗಿ, ಶರಾವತಿ ಹಿನ್ನೀರಿನ ಆಚೆಯ ಹುಡುಗ, ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದವನು, ಮೂವರೂ ಒಂದೇ ಬಾಲ್ಯ ಬರೆದಿರುತ್ತಾರೆ. ಪರೀಕ್ಷೆಗೆಂದು ನಾವು ಕಲಿಸಿದ ಪ್ರಬಂಧದ ಅಚ್ಚು ಅಷ್ಟು ಗಟ್ಟಿಯಾಗಿ ಕೂತಿದೆ. ಅದೇ ಮಕ್ಕಳು ಮಧ್ಯಾಹ್ನ ಬಿಸಿಯೂಟದ ಸಾಲಿನಲ್ಲಿ ನಿಂತು ಮಾತಾಡುವುದನ್ನು ಕೇಳಿ. ಒಬ್ಬೊಬ್ಬರ ಬಾಯಲ್ಲೂ ಇನ್ನೊಬ್ಬರು ಹೇಳಲಾಗದ ಕಥೆ ಇರುತ್ತದೆ.

ಎಂಟನೆಯ ತರಗತಿಯಿಂದ ಪಿಯುವರೆಗೆ ಕನ್ನಡ ಕಲಿಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನಾನು ನಂಬಿರುವ ಮಾತು ಒಂದೇ. ನೆನಪಿನ ಬರಹದಲ್ಲಿ ಇಬ್ಬರು ‘ನಾನು’ ಇರುತ್ತಾರೆ: ಆ ಹೊತ್ತು ಅದನ್ನು ಕಂಡ ಮಗು, ಇವತ್ತು ಕೂತು ಬರೆಯುತ್ತಿರುವವರು. ಇಬ್ಬರಿಗೂ ತಿಳಿದಿರುವುದು ಬೇರೆ ಬೇರೆ. ಆ ಅಂತರವನ್ನು ಓದಿನಲ್ಲಿ ಗುರುತಿಸಲು ಕಲಿತ ಮಗುವಿಗೆ ಬರೆಯುವ ದಾರಿ ತಾನಾಗಿ ಸಿಗುತ್ತದೆ. ಉಳಿದ ಹಂತಗಳೆಲ್ಲ ಇದಕ್ಕೆ ಹೊಂದಿಕೊಂಡೇ ಬರುತ್ತವೆ.

ಮೊದಲು ಓದು, ಎರಡು ಬಣ್ಣದ ಪೆನ್ಸಿಲ್ ಹಿಡಿದು

ಬರೆಯಿಸುವ ಅವಸರ ಬೇಡ. ಜೂನ್, ಜುಲೈ ಪೂರ್ತಿ ಓದಿಗೆ ಇಡಿ. ಮಲೆನಾಡಿನ ಶಾಲೆಗಳಿಗೆ ಆ ತಿಂಗಳುಗಳಲ್ಲಿ ಮಳೆ ರಜೆ ಹೇಗೂ ಬೀಳುತ್ತಲೇ ಇರುತ್ತದೆ, ಪಾಠ ತುಂಡುತುಂಡಾಗುತ್ತದೆ. ಸಣ್ಣ ಸಣ್ಣ ಭಾಗಗಳನ್ನು ಓದಿಸುವುದಕ್ಕೆ ಇದೇ ತಕ್ಕ ಕಾಲ.

ಪೂರ್ತಿ ಪುಸ್ತಕ ಹಿಡಿಸಬೇಕಿಲ್ಲ. ಎರಡು ಮೂರು ಪುಟ ಜೆರಾಕ್ಸ್ ಮಾಡಿಸಿ, ನೀವೇ ಒಮ್ಮೆ ಗಟ್ಟಿಯಾಗಿ ಓದಿ. ನಿಧಾನವಾಗಿ, ಅರ್ಥ ಹೇಳದೆ ಓದಿ. ಆಮೇಲೆ ಮಕ್ಕಳ ಕೈಗೆ ನೀಲಿ ಮತ್ತು ಕೆಂಪು ಪೆನ್ಸಿಲ್ ಕೊಡಿ. ಆಗಿನ ಮಗುವಿಗೆ ಮಾತ್ರ ತಿಳಿದಿದ್ದ, ಕಂಡಿದ್ದ, ಕೇಳಿದ್ದ ಸಾಲಿನ ಕೆಳಗೆ ನೀಲಿ ಗೆರೆ. ದೊಡ್ಡವರಾದ ಮೇಲೆ ತಿಳಿದು ಬರೆದ ಸಾಲಿನ ಕೆಳಗೆ ಕೆಂಪು ಗೆರೆ. ಕೆಲವು ಸಾಲುಗಳ ಬಗ್ಗೆ ಬೆಂಚಿನಿಂದ ಬೆಂಚಿಗೆ ಜಗಳವೇ ಆಗುತ್ತದೆ. ಆಗಲಿ. ಆ ಜಗಳದಲ್ಲೇ ಪಾಠ ನಡೆಯುತ್ತದೆ.

ಈ ಅಭ್ಯಾಸಕ್ಕೆ ನಾನು ಮೊದಲು ಎತ್ತಿಕೊಳ್ಳುವುದು ಸಿದ್ಧಲಿಂಗಯ್ಯನವರ ‘ಊರುಕೇರಿ’. ಅವರು ಮಾಗಡಿ ಕಡೆಯ ಮಂಚನಬೆಲೆಯವರು, ನಮ್ಮ ಮಲೆನಾಡಿನವರಲ್ಲ. ಆದರೂ ಅವರಿಂದಲೇ ಶುರುಮಾಡುತ್ತೇನೆ. ಎತ್ತುಗಳ ಜಾಗದಲ್ಲಿ ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟು ಹೊಲ ಉಳುವುದನ್ನು ಒಬ್ಬ ಹುಡುಗ ನೋಡುತ್ತಾನೆ. ಹಾಗೆ ಹೆಗಲು ಕೊಟ್ಟವರಲ್ಲಿ ಒಬ್ಬರು ಅವನ ಅಪ್ಪ. ಹುಡುಗನಿಗೆ ಅದು ಒಂದು ನೋಟ. ಅದರ ಹಿಂದಿರುವ ಜಾತಿ, ಜೀತ, ಜಮೀನಿನ ಲೆಕ್ಕ ಅವನಿಗೆ ಪೂರ್ತಿ ಗೊತ್ತಿಲ್ಲ. ಬರೆಯುತ್ತಿರುವ ಕವಿಗೆ ಎಲ್ಲವೂ ಗೊತ್ತು, ಆದರೂ ಅವರು ದೊಡ್ಡ ಮಾತಾಡುವುದಿಲ್ಲ. ‘ಲೇಖಕರು ಇಲ್ಲಿ ಯಾಕೆ ಸಿಟ್ಟಾಗಿ ಬರೆದಿಲ್ಲ?’ ಎಂದು ತರಗತಿಯಲ್ಲಿ ಕೇಳಿ, ಸುಮ್ಮನೆ ಕಾಯಿರಿ. ಉತ್ತರ ನೀವು ಕೊಡಬೇಡಿ.

ನಂತರ ನಮ್ಮ ಕಡೆಯ ಪುಸ್ತಕಗಳಿಗೆ ಬನ್ನಿ. ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’ ದೊಡ್ಡ ಪುಸ್ತಕ. ಕುಪ್ಪಳಿ ಮನೆಯ ಉಪ್ಪರಿಗೆಯಲ್ಲಿ ನಡೆದ ಮನೆಪಾಠದ ಭಾಗ ಎಂಟನೆಯ ತರಗತಿಗೂ ಎಟಕುತ್ತದೆ. ಆ ಪುಸ್ತಕದಲ್ಲಿ ಕವಿ ತಮ್ಮ ಹಳೆಯ ದಿನಚರಿಗಳನ್ನೂ ತೆಗೆದು ಸೇರಿಸುತ್ತಾರೆ. ದಿನಚರಿಯ ಸಾಲು ಆ ಕಾಲದ್ದು, ಅದರ ಸುತ್ತಲಿನ ಮಾತು ಈಗಿನದು. ಎರಡು ಬಣ್ಣದ ಗೆರೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಅಣ್ಣನ ನೆನಪು’ ಓದಿಸುವಾಗ ಒಂದೇ ಪ್ರಶ್ನೆ ಸಾಕು: ‘ಇದು ಯಾರ ಕಥೆ?’ ಹೆಸರಿಗೆ ತಂದೆ ಕುವೆಂಪು ಅವರ ನೆನಪು; ಮಗ ಅವರನ್ನು ಕರೆಯುತ್ತಿದ್ದದ್ದು ಅಣ್ಣ ಎಂದು. ಓದುತ್ತಾ ಹೋದಂತೆ ಮಗ ಹೇಗೆ ಬೆಳೆದ ಎಂಬುದೇ ಕಾಣಿಸುತ್ತದೆ. ಇನ್ನೊಬ್ಬರನ್ನು ಬರೆಯುತ್ತಾ ತನ್ನನ್ನು ಬರೆಯಬಹುದು ಎಂಬುದು ನಾಚಿಕೆ ಸ್ವಭಾವದ ಮಕ್ಕಳಿಗೆ ದೊಡ್ಡ ಬಿಡುಗಡೆ. ಲಂಕೇಶರ ‘ಹುಳಿಮಾವಿನ ಮರ’ದಲ್ಲಿ ಕೊನಗವಳ್ಳಿಯ ಬಾಲ್ಯದ ಭಾಗಗಳು ಶಿವಮೊಗ್ಗ ತಾಲ್ಲೂಕಿನ ಮಕ್ಕಳಿಗೆ ಗುರುತು ಸಿಗುವಂಥವು. ಅನಂತಮೂರ್ತಿಯವರ ‘ಸುರಗಿ’ಯನ್ನು ಪಿಯು ಮಕ್ಕಳಿಗೆ ಕೊಡಿ; ಅದು ಹೇಳಿ ಬರೆಯಿಸಿದ ಪುಸ್ತಕವಾದ್ದರಿಂದ ಮಾತಿನ ನಡೆ ಬರಹಕ್ಕೆ ಹೇಗೆ ಇಳಿಯುತ್ತದೆಂದು ತೋರಿಸಲು ಒದಗುತ್ತದೆ.

ಇವೆಲ್ಲ ನಡೆದದ್ದರ ಬರಹ. ಬೆಳೆಯುವ ಮಗುವಿನ ಕಥೆ ಕಲ್ಪನೆಯಲ್ಲೂ ಬರುತ್ತದೆ. ಎಂಟು, ಒಂಬತ್ತನೆಯ ತರಗತಿಗೆ ಸಾಗರದ ನಾ. ಡಿಸೋಜ ಅವರ ಮಕ್ಕಳ ಕಾದಂಬರಿ ‘ಮುಳುಗಡೆಯ ಊರಿಗೆ ಬಂದವರು’ ಆಗುತ್ತದೆ. ಅದಕ್ಕೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಪಿಯುವಿಗೆ ಅನಂತಮೂರ್ತಿಯವರ ‘ಘಟಶ್ರಾದ್ಧ’. ವೇದಪಾಠಕ್ಕೆ ಬಂದ ಹುಡುಗನ ಕಣ್ಣಿಗೆ ಯಮುನಕ್ಕನ ಬಾಳು ಕಾಣುವ ರೀತಿಯನ್ನು ಗಮನಿಸಿ. ಹುಡುಗನಿಗೆ ಅರ್ಥವಾಗದ್ದು ಓದುಗರಿಗೆ ಅರ್ಥವಾಗುತ್ತದೆ. ಅದೇ ಕಥೆಯನ್ನು ತೀರ್ಥಹಳ್ಳಿ ತಾಲ್ಲೂಕಿನವರೇ ಆದ ಗಿರೀಶ ಕಾಸರವಳ್ಳಿ 1977ರಲ್ಲಿ ಸಿನಿಮಾ ಮಾಡಿದರು. ವಿಧವೆಯ ಬಸಿರು, ಬಹಿಷ್ಕಾರ ಇರುವ ಕಥೆ ಅದು. ಪ್ರೌಢಶಾಲೆಯಲ್ಲಿ ಓದಿಸಬೇಡಿ, ಪಿಯುನಲ್ಲಿ ಓದಿಸಿದರೆ ಮಾತಾಡಲು ಎರಡು ಪಿರಿಯಡ್ ಹೆಚ್ಚಿಗೆ ಇಟ್ಟುಕೊಳ್ಳಿ.

ಸಾಧ್ಯವಿದ್ದರೆ ಕುಪ್ಪಳಿಗೆ ಕರೆದುಕೊಂಡು ಹೋಗಿ, ಆದರೆ ಓದಿದ ಮೇಲೆ. ಕವಿಮನೆ ಈಗ ಮತ್ತೆ ಕಟ್ಟಿ ಓರಣವಾಗಿ ಇಟ್ಟಿರುವ ಸಂಗ್ರಹಾಲಯ. ಒಲೆಯ ಹೊಗೆಯಿಲ್ಲ, ಕೊಟ್ಟಿಗೆಯ ವಾಸನೆಯಿಲ್ಲ, ಜಗಲಿಯಲ್ಲಿ ಕೂತು ಎಲೆಅಡಿಕೆ ಹಾಕುವ ಜನವಿಲ್ಲ. ‘ಪುಸ್ತಕದಲ್ಲಿ ಇದ್ದು, ಇಲ್ಲಿ ಕಾಣದ್ದನ್ನು ಪಟ್ಟಿ ಮಾಡಿ’ ಎಂಬ ಒಂದು ಕೆಲಸ ಕೊಟ್ಟರೆ, ಬರಹ ಏನನ್ನು ಉಳಿಸುತ್ತದೆಂದು ಮಕ್ಕಳೇ ಕಂಡುಕೊಳ್ಳುತ್ತಾರೆ.

ನೆನಪನ್ನು ಆರಿಸುವುದು

ಇಲ್ಲಿ ಹೆಚ್ಚು ಹೊತ್ತು ನಿಲ್ಲಿ. ಆರಿಸಿದ ನೆನಪು ದೊಡ್ಡದಾಗಿದ್ದರೆ ಬರಹ ಪ್ರಬಂಧವಾಗಿಬಿಡುತ್ತದೆ. ‘ಮಳೆಗಾಲ’ ಬೇಡ; ಒಂದು ದಿನದ ಒಂದು ಗಂಟೆ ಬೇಕು. ನಾನು ಹಾಕುವ ಕಟ್ಟುಪಾಡು ಇದು: ಬರೆಯುವ ಘಟನೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ನಡೆದಿರಬಾರದು, ನೀನು ಅಲ್ಲಿ ಇದ್ದಿರಬೇಕು, ಅದರ ಆಚೆ ನಿನಗೆ ಯಾರದೋ ಬಗ್ಗೆ ಅಥವಾ ಯಾವುದೋ ವಿಷಯದ ಬಗ್ಗೆ ಮೊದಲಿನಂತೆ ಅನ್ನಿಸಿರಬಾರದು.

ನೆನಪು ಹುಡುಕಲು ಮೂರು ಉಪಾಯ. ಒಂದು, ಮನೆಯಿಂದ ಶಾಲೆಗೆ ಬರುವ ದಾರಿಯ ನಕ್ಷೆ. ಸಂಕ (ಹಳ್ಳ ದಾಟುವ ಕಾಲುಸೇತುವೆ), ಗದ್ದೆ ಬದು, ನಾಯಿ ಇರುವ ಮನೆ, ಬಸ್ ನಿಲ್ಲುವ ಜಾಗ, ಉಂಬಳ (ಜಿಗಣೆ) ಹತ್ತುವ ಕಾಡಿನ ತುಂಡು, ಎಲ್ಲವನ್ನೂ ಬಿಡಿಸಲಿ. ನಕ್ಷೆಯಲ್ಲಿ ಏನಾದರೂ ಆದ ಜಾಗಕ್ಕೆ ಚುಕ್ಕೆ ಇಡಲಿ. ಖಾಲಿ ಹಾಳೆ ಕೊಟ್ಟು ಯೋಚಿಸು ಅಂದಾಗ ಬಾರದ ನೆನಪುಗಳು ಚುಕ್ಕೆ ಇಡುವಾಗ ಬರುತ್ತವೆ. ಎರಡು, ಮನೆಯ ಒಂದು ವಸ್ತು: ಮಳೆಗೆ ಹೊದೆಯುತ್ತಿದ್ದ, ಈಗ ಅಟ್ಟದ ಮೇಲಿರುವ ಗೊರಬು, ಹಾಳೆಟೋಪಿ, ಅಡಿಕೆ ಸುಲಿಯುವ ಕತ್ತಿ, ಕೆಲಸ ಬಿಟ್ಟ ಅಜ್ಜನ ಕಾರ್ಖಾನೆ ಗುರುತಿನ ಚೀಟಿ. ಮೂರು, ಈಗ ಇಲ್ಲದ್ದು. ಸಿಗಂದೂರಿನ ದಾರಿಯಲ್ಲಿ ಹಿನ್ನೀರು ದಾಟಲು ಲಾಂಚ್ ಕಾಯುತ್ತಿದ್ದ ಮಕ್ಕಳಿಗೆ 2025ರ ಜುಲೈಯಲ್ಲಿ ಸೇತುವೆ ಬಂತು. ಕಾಯುವ ಆ ಹೊತ್ತಿನಲ್ಲಿ ಏನೇನು ನಡೆಯುತ್ತಿತ್ತು ಎಂಬುದನ್ನು ಬರೆಯಬಲ್ಲವರು ಈಗ ತರಗತಿಯಲ್ಲಿ ಕೂತಿದ್ದಾರೆ. ಇನ್ನು ಕೆಲವೇ ವರ್ಷಕ್ಕೆ ಬರುವ ಮಕ್ಕಳಿಗೆ ಆ ನೆನಪು ಇರುವುದಿಲ್ಲ.

ಆರಿಸಿದ ಮೇಲೆ ಬರೆಯುವ ಮುಂಚೆ ಹೇಳಿಸಿ. ಇಬ್ಬಿಬ್ಬರನ್ನು ಕೂರಿಸಿ, ಒಬ್ಬರು ಹೇಳುವುದು, ಇನ್ನೊಬ್ಬರು ಕೇಳುವುದು. ಕೇಳುವವರು ‘ಹೇಗನ್ನಿಸಿತು’ ಎಂದು ಕೇಳುವಂತಿಲ್ಲ. ಎಲ್ಲಿ, ಯಾರು, ಏನು ಕೈಯಲ್ಲಿತ್ತು, ಆಮೇಲೆ ಏನು ಅಂದರು, ಇಷ್ಟೇ. ಒಮ್ಮೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳೊಂದಿಗೆ ನಾನೇ ಕೇಳುವವನಾಗಿ ಕೂತಿದ್ದೆ. ಮಾತು ಹೀಗೆ ಹೋಯಿತು:

‘ಅಜ್ಜ ತೀರಿಹೋದ್ರು ಸರ್.’

‘ಆಗ ನೀನು ಎಲ್ಲಿದ್ದೆ?’

‘ಬಚ್ಚಲಲ್ಲಿ. ಒಲೆ ಮುಂದೆ.’

‘ಯಾರು ಬಂದು ಹೇಳಿದ್ರು?’

‘ಯಾರೂ ಹೇಳ್ಲಿಲ್ಲ. ಹಂಡೆ ತುಂಬಾ ನೀರು ಹಾಕು, ಉರಿ ಮಾಡು ಅಂತ ಚಿಕ್ಕಮ್ಮ ಕೂಗಿದ್ರು. ಅಷ್ಟು ಬೆಳಿಗ್ಗೆ ಅಷ್ಟೊಂದು ನೀರು ಯಾಕೆ ಅಂತ ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು.’

ಅವಳ ಬರಹ ಶುರುವಾಗಬೇಕಾದದ್ದು ಆ ಹಂಡೆಯಿಂದ. ಅಜ್ಜ ಎಂಥ ದೊಡ್ಡ ಮನುಷ್ಯ ಎಂಬ ಒಂದು ಪುಟವನ್ನು ಅವಳು ಮೊದಲೇ ಬರೆದು ತಂದಿದ್ದಳು. ಅದನ್ನು ನಾನು ಹೊಡೆದುಹಾಕಲಿಲ್ಲ. ಪಕ್ಕಕ್ಕೆ ಇಡು, ಬೇಕಾದರೆ ಆಮೇಲೆ ಸೇರಿಸೋಣ ಅಂದೆ. ಕೊನೆಗೆ ಅದರಲ್ಲಿ ಒಂದು ಸಾಲು ಸೇರಿತು.

ಮೊದಲ ಕರಡು

ಒಂದು ಪಿರಿಯಡ್, 40 ನಿಮಿಷ, ಎತ್ತಿದ ಪೆನ್ನು ಇಳಿಸದಂತೆ. ಕಾಗುಣಿತ ನೋಡುವುದಿಲ್ಲ ಎಂದು ಮೊದಲೇ ಹೇಳಿ, ಆ ಮಾತಿಗೆ ನಡೆದುಕೊಳ್ಳಿ. ಪೀಠಿಕೆ ಬರೆಯುವಂತಿಲ್ಲ, ಮೊದಲ ಸಾಲಿನಲ್ಲೇ ಯಾರಾದರೂ ಏನಾದರೂ ಮಾಡುತ್ತಿರಬೇಕು.

ಇದನ್ನು ತೋರಿಸಲು ಬೋರ್ಡಿನ ಮೇಲೆ ಎರಡು ಮಾದರಿ ಬರೆಯಿರಿ. ನಾನು ಪಾಠಕ್ಕೆಂದು ಬರೆದುಕೊಂಡವು ಇಲ್ಲಿವೆ, ಬೇಕಿದ್ದರೆ ಬಳಸಿ. ಮೊದಲನೆಯದು:

‘ನಮ್ಮ ಊರಿನಲ್ಲಿ ಮಳೆಗಾಲದಲ್ಲಿ ಶಾಲೆಗೆ ಹೋಗುವುದು ಬಹಳ ಕಷ್ಟವಾಗಿತ್ತು. ಹೊಳೆ ತುಂಬಿ ಹರಿಯುತ್ತಿತ್ತು. ನನ್ನ ಅಣ್ಣ ನನ್ನನ್ನು ತುಂಬಾ ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದನು. ಆ ದಿನಗಳನ್ನು ಎಂದಿಗೂ ಮರೆಯಲಾರೆ.’

ಎರಡನೆಯದು:

‘ಅಣ್ಣ ಮೊದಲು ಸಂಕ ದಾಟಿ ಆಚೆ ನಿಂತ. ಕೆಳಗೆ ನೋಡಬೇಡ, ನನ್ನ ನೋಡು ಅಂದ. ನಾನು ಕೆಳಗೇ ನೋಡಿದೆ. ನೀರು ಕೆಂಪಾಗಿತ್ತು. ಒಂದು ಚಪ್ಪಲಿ ಬಿದ್ದುಹೋಯಿತು. ಅಮ್ಮ ಅಡಿಕೆ ಸುಲಿದು ಕೂಡಿಟ್ಟ ದುಡ್ಡಲ್ಲಿ ತಂದ ಚಪ್ಪಲಿ. ನಾನು ಅಳತೊಡಗಿದೆ. ಅಣ್ಣ ತನ್ನ ಒಂದು ಚಪ್ಪಲಿ ಬಿಚ್ಚಿ ಹೊಳೆಗೆ ಎಸೆದ. ಇಬ್ಬರದ್ದೂ ಹೋಯ್ತು ಅಂತ ಹೇಳಣ ಅಂದ. ಸಂಜೆ ಇಬ್ಬರೂ ಬೈಸಿಕೊಂಡೆವು. ಅವನ ಚಪ್ಪಲಿಯೂ ಹೊಸದೇ ಎಂಬುದು ನನಗೆ ಆವತ್ತು ಹೊಳೆದಿರಲಿಲ್ಲ.’

ಪ್ರೀತಿ ಎಂಬ ಪದ ಎರಡನೆಯದರಲ್ಲಿ ಇಲ್ಲ. ಅಣ್ಣ ಎಂಥವನೆಂದು ಯಾವುದರಲ್ಲಿ ಗೊತ್ತಾಯಿತು ಎಂದು ಕೇಳಿ. ಕೊನೆಯ ಸಾಲನ್ನು ಬೇರೆಯಾಗಿ ಗಮನಕ್ಕೆ ತನ್ನಿ: ಅದೊಂದೇ ಕೆಂಪು ಗೆರೆಯ ಸಾಲು. ಇಂದಿನ ‘ನಾನು’ ಇಷ್ಟು ಹೊತ್ತು ಸುಮ್ಮನಿದ್ದು ಒಂದೇ ಸಲ ಬಾಯಿ ತೆರೆದಿದ್ದಾನೆ. ಮಕ್ಕಳ ಕರಡಿನಲ್ಲಿ ಸಾಮಾನ್ಯವಾಗಿ ಇದು ತಲೆಕೆಳಗಾಗಿರುತ್ತದೆ. ಪುಟವೆಲ್ಲ ಕೆಂಪು, ನೀಲಿ ಹುಡುಕಬೇಕು. ತಮ್ಮ ಕರಡಿಗೇ ಎರಡು ಬಣ್ಣದ ಗೆರೆ ಎಳೆಯಲು ಹೇಳಿದರೆ ಅದು ಅವರ ಕಣ್ಣಿಗೇ ಬೀಳುತ್ತದೆ.

ಮನೆಮಾತು

ಮಾತು ಬಂದಲ್ಲಿ ಮನೆಯ ಮಾತೇ ಬರಲಿ. ಅಜ್ಜಿ ‘ಎಂತ ಮಾಡ್ತಿದ್ಯಾ’ ಅಂದಿದ್ದರೆ ‘ಏನು ಮಾಡುತ್ತಿರುವೆ’ ಎಂದು ಬರೆದ ತಕ್ಷಣ ಅಜ್ಜಿ ಅಲ್ಲಿಂದ ಎದ್ದುಹೋಗುತ್ತಾಳೆ. ನಮ್ಮ ಶಿವಮೊಗ್ಗ ಜಿಲ್ಲೆಯ ಒಂದೇ ತರಗತಿಯಲ್ಲಿ ಹವ್ಯಕರ ಮಾತು, ದೀವರ ಮಾತು, ಒಕ್ಕಲಿಗರ ಮಾತು, ಜೊತೆಗೆ ಕೊಂಕಣಿ, ಉರ್ದು, ಬ್ಯಾರಿ, ಲಂಬಾಣಿ, ಭದ್ರಾವತಿಯಾದರೆ ತಮಿಳು, ತೆಲುಗು ಕೂಡ ಇರುತ್ತವೆ. ಮನೆಯಲ್ಲಿ ಉರ್ದು ಮಾತಾಡುವ ಹುಡುಗಿ ಅಮ್ಮನ ಮಾತನ್ನು ಉರ್ದುವಿನಲ್ಲೇ, ಕನ್ನಡ ಅಕ್ಷರದಲ್ಲಿ ಬರೆಯಲಿ. ಅರ್ಥ ಸಂದರ್ಭದಿಂದ ತಿಳಿಯುವಂತೆ ಸುತ್ತಲಿನ ಸಾಲುಗಳನ್ನು ಕಟ್ಟುವುದನ್ನು ಕಲಿಸಿ. ನಿರೂಪಣೆ ಯಾವ ಕನ್ನಡದಲ್ಲಿ ಇರಬೇಕು ಎಂಬುದನ್ನು ಮಗುವೇ ಆರಿಸಲಿ. ಪರೀಕ್ಷೆಯ ಕನ್ನಡ ಬೇರೆ ಪಿರಿಯಡ್‌ನಲ್ಲಿ ಕಲಿಸಲು ಇದ್ದೇ ಇದೆ.

ಮನೆಯವರನ್ನು ಕೇಳಿ ಬರುವುದು

ದಸರಾ ರಜೆಗೆ ಈ ಕೆಲಸ. ಬರೆದ ಘಟನೆಯಲ್ಲಿ ಇದ್ದ ಇನ್ನೊಬ್ಬರನ್ನು ಕೇಳಿ ಬರಬೇಕು. ಯಾವ ವರ್ಷ ಎಂದು ಹಿರಿಯರನ್ನು ಕೇಳಿದರೆ ಉತ್ತರ ಸಿಗುವುದು ಕಷ್ಟ. ಯಾವ ಮಳೆ ಹೊಯ್ಯುತ್ತಿತ್ತು, ಆರಿದ್ರವಾ, ಪುಷ್ಯವಾ, ಅಡಿಕೆ ಕೊಯ್ಲು ಮುಗಿದಿತ್ತಾ, ಮಾರಿಜಾತ್ರೆಯ ವರ್ಷವಾ ಎಂದು ಕೇಳಿದರೆ ಬಾಯಿ ಬಿಡುತ್ತಾರೆ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ಬರುವುದರಿಂದ ಆ ಕಡೆಯ ಮನೆಗಳಲ್ಲಿ ಅದೇ ಕಾಲದ ಗುರುತು. ಅಜ್ಜ ಅಜ್ಜಿಯರ ನೆನಪಾದರೆ ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಗೆ ಮುಂಚೆಯೋ, ಆಮೇಲೋ ಎಂಬುದೇ ದೊಡ್ಡ ಗೆರೆ. ಅಣೆಕಟ್ಟು ಮುಗಿದದ್ದು 1964ರಲ್ಲಿ, ಅಲ್ಲಿಂದ ಲೆಕ್ಕ ಹಿಡಿಯಬಹುದು.

ಹೀಗೆ ಕೇಳಿ ಬಂದ ಮಕ್ಕಳು ‘ಅಮ್ಮ ಹಾಗಾಗೇ ಇಲ್ಲ ಅಂತಾರೆ ಸರ್’ ಎಂದು ಮುಖ ಸಣ್ಣ ಮಾಡಿಕೊಂಡು ಬರುತ್ತಾರೆ. ಯಾವುದು ಸರಿ ಎಂದು ತೀರ್ಮಾನಿಸಲು ಹೋಗಬೇಡಿ. ಇಬ್ಬರ ನೆನಪನ್ನೂ ಬರಹದಲ್ಲಿ ಇಡಬಹುದು ಎಂದು ಹೇಳಿ. ಲಂಕೇಶರ ಆತ್ಮಕಥೆಯ ಪಕ್ಕದಲ್ಲಿ ಅವರ ಪತ್ನಿ ಇಂದಿರಾ ಲಂಕೇಶರ ‘ಹುಳಿಮಾವು ಮತ್ತು ನಾನು’ ಇಟ್ಟರೆ, ಒಂದೇ ಸಂಸಾರ ಇಬ್ಬರ ನೆನಪಿನಲ್ಲಿ ಎರಡಾಗಿ ನಿಲ್ಲುವುದು ಕಾಣುತ್ತದೆ. ಪಿಯು ಮಕ್ಕಳಿಗೆ ಎರಡರಿಂದಲೂ ಒಂದೊಂದು ಭಾಗ ಕೊಡಿ.

ಹೇಳದೆ ಉಳಿಸುವ ಹಕ್ಕು

ಈ ಹಂತವನ್ನು ಬಿಟ್ಟು ನೆನಪಿನ ಬರಹ ಕಲಿಸುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸಣ್ಣ ಊರಿನಲ್ಲಿ ‘ನಮ್ಮ ಪಕ್ಕದ ಮನೆಯವರು’ ಎಂದರೆ ಯಾರೆಂದು ಇಡೀ ತರಗತಿಗೆ ಗೊತ್ತು. ಅಪ್ಪನ ಕುಡಿತ, ಸೊಸೈಟಿ ಸಾಲ, ಯಾರದೋ ಮನೆಯ ಜಗಲಿಯ ಆಚೆಗೇ ನಿಲ್ಲಿಸಿದ್ದು, ಅಕ್ಕ ಮನೆ ಬಿಟ್ಟು ಹೋದದ್ದು, ಇವೆಲ್ಲ ಮಕ್ಕಳ ಕರಡಿನಲ್ಲಿ ಬರುತ್ತವೆ, ಬರಲಿ ಕೂಡ. ಆದರೆ ಬಂದದ್ದೆಲ್ಲ ಗಟ್ಟಿಯಾಗಿ ಓದಲು ಇರುವುದಲ್ಲ.

ನಾನು ಪಾಲಿಸುವ ಕ್ರಮ ಸರಳ. ಹಾಳೆಯನ್ನು ಮಡಚಿ ಕೊಟ್ಟರೆ ನಾನು ಮಾತ್ರ ಓದುತ್ತೇನೆ. ಮಡಚಿ ಪಿನ್ ಹೊಡೆದು ಕೊಟ್ಟರೆ ನಾನೂ ಓದುವುದಿಲ್ಲ, ಬರೆದಿದ್ದಾರೆ ಎಂಬ ಗುರುತು ಹಾಕಿ ವಾಪಸ್ ಕೊಡುತ್ತೇನೆ. ಬಿಚ್ಚಿ ಕೊಟ್ಟದ್ದು ಮಾತ್ರ ತರಗತಿಗೆ. ಜಾತಿಯ ಅವಮಾನ ಅನುಭವಿಸಿದ ಮಗುವಿನಿಂದ ಅದನ್ನೇ ಬರೆಯಿಸಬೇಕೆಂಬ ಆಸೆ ಮೇಷ್ಟ್ರಿಗೆ ಹುಟ್ಟಬಾರದು. ಆ ಮಗುವಿಗೆ ಮೀನು ಹಿಡಿದ ಸಂಜೆಯ ಬಗ್ಗೆ ಬರೆಯುವ ಪೂರ್ತಿ ಸ್ವಾತಂತ್ರ್ಯ ಇರಲಿ.

ಓದಿದ ಹಾಳೆಯಲ್ಲಿ ಮಗುವಿನ ಮೇಲೆ ದೌರ್ಜನ್ಯ ನಡೆದಿರುವುದು ಅಥವಾ ನಡೆಯುತ್ತಿರುವುದು ಕಂಡರೆ, ಅಲ್ಲಿಗೆ ಸಾಹಿತ್ಯದ ಪಾಠ ಮುಗಿಯಿತು. ಮಗುವಿನೊಂದಿಗೆ ಒಂಟಿಯಾಗಿ, ಗದರದೆ ಮಾತಾಡಿ. ಮಕ್ಕಳ ಸಹಾಯವಾಣಿ 1098. ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೊ ಕಾಯ್ದೆಯಂತೆ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ‘ಯಾರಿಗೂ ಹೇಳುವುದಿಲ್ಲ’ ಎಂದು ಮಕ್ಕಳಿಗೆ ಮೊದಲೇ ಮಾತು ಕೊಡಬೇಡಿ. ‘ನಿನ್ನ ಮೇಲೆ ದೌರ್ಜನ್ಯ ನಡೆದಿದ್ದರೆ, ಇಲ್ಲವೇ ನಿನ್ನ ಜೀವಕ್ಕೆ ತೊಂದರೆ ಇದ್ದರೆ ಮಾತ್ರ ನಾನು ಬೇರೆಯವರ ಸಹಾಯ ಕೇಳುತ್ತೇನೆ’ ಎಂದು ಬರೆಯಿಸುವ ಮುಂಚೆಯೇ ತರಗತಿಗೆ ಹೇಳಿಬಿಡಿ.

ತಿದ್ದುವುದು, ಕಥೆಯಾಗಿಸುವುದು

ಎರಡನೆಯ ಕರಡಿಗೆ ಮೂರು ಪ್ರಶ್ನೆ ಬರೆದು ಕೊಟ್ಟರೆ ಸಾಕು. ಯಾವ ಸಾಲನ್ನು ಬೇರೆ ಯಾವ ಮಗುವೂ ಬರೆಯಲಾಗದು? ಎಲ್ಲಿ ನನಗೆ ನೀನು ನಿಂತ ಜಾಗ ಕಾಣಲಿಲ್ಲ? ಇಂದಿನ ನೀನು ಎಲ್ಲಿ ಬೇಗ ಮಾತಾಡಿಬಿಟ್ಟೆ? ಕೊನೆಯ ಪ್ಯಾರಾವನ್ನು ಕೈಯಿಂದ ಮುಚ್ಚಿ ಓದಲು ಹೇಳಿ. ಹತ್ತರಲ್ಲಿ ಎಂಟು ಬರಹಗಳು ಅಲ್ಲೇ ಮುಗಿದಿರುತ್ತವೆ. ಉಪಸಂಹಾರದ ಚಟ ಬಿಡಿಸಲು ಇದಕ್ಕಿಂತ ಸುಲಭದ ಉಪಾಯವಿಲ್ಲ.

ಒಂದು ಬರಹ ನಿಂತ ಮೇಲೆ ಅದನ್ನೇ ಕಥೆ ಮಾಡಿಸಿ. ‘ನಾನು’ ತೆಗೆದು ‘ಅವಳು’ ಹಾಕಿದ ಕೂಡಲೇ ಮಗುವಿಗೆ ಬದಲಿಸುವ ಧೈರ್ಯ ಬರುತ್ತದೆ. ಊರು ಬದಲಾಗಬಹುದು, ಅಣ್ಣ ಅಕ್ಕನಾಗಬಹುದು, ಬೈಸಿಕೊಳ್ಳುವುದರ ಬದಲು ಸಿಕ್ಕಿಬೀಳದೆ ಪಾರಾಗಬಹುದು. ನಿಜವಾಗಿ ಆ ದಿನ ಹೇಳಲಾಗದೆ ಉಳಿದ ಮಾತನ್ನು ಪಾತ್ರದ ಬಾಯಲ್ಲಿ ಹೇಳಿಸಬಹುದು. ಪಿನ್ ಹೊಡೆದ ಹಾಳೆ ಕೊಟ್ಟ ಮಕ್ಕಳು ಎಷ್ಟೋ ಸಲ ಇಲ್ಲಿ ಬಿಚ್ಚಿ ಬರೆಯುತ್ತಾರೆ. ಅದು ಅವರದೇ ಕಥೆಯಾ ಎಂದು ಕೇಳಲೇಬೇಡಿ.

ಅಂಕ ಕೊಡಲೇಬೇಕಾದರೆ ಅನುಭವಕ್ಕೆ ಕೊಡಬೇಡಿ. ಹೆಚ್ಚು ನೋವು ಬರೆದವರಿಗೆ ಹೆಚ್ಚು ಅಂಕ ಎಂಬ ಭಾವನೆ ತರಗತಿಯಲ್ಲಿ ಹುಟ್ಟಿದರೆ ಮಕ್ಕಳು ನೋವನ್ನು ಸೃಷ್ಟಿಸತೊಡಗುತ್ತಾರೆ. ಕಣ್ಣಿಗೆ ಕಾಣುವ ವಿವರಕ್ಕೆ, ಮಾತು ಸಹಜವಾಗಿರುವುದಕ್ಕೆ, ಮೊದಲ ಕರಡಿನಿಂದ ಕೊನೆಯದಕ್ಕೆ ಆದ ಬದಲಾವಣೆಗೆ ಕೊಡಿ. ಕಾಗುಣಿತ ಕೊನೆಯ ಕರಡಿನಲ್ಲಿ ನೋಡಿದರಾಯಿತು.

ಬಿಚ್ಚಿ ಕೊಟ್ಟ ಬರಹಗಳನ್ನು ಡಿಸೆಂಬರಿನೊಳಗೆ ಶುದ್ಧಪ್ರತಿ ಮಾಡಿಸಿ, ಮಕ್ಕಳ ಕೈಬರಹದಲ್ಲೇ ಎರಡೆರಡು ಪ್ರತಿ. ಒಂದು ಪ್ರತಿ ಬರಹದಲ್ಲಿ ಬರುವ ಹಿರಿಯರಿಗೆ ಹೋಗಲಿ. ಓದಲು ಬಾರದವರಿಗೆ ಮಗುವೇ ಓದಿ ಹೇಳಲಿ, ಅವರು ಬೇಡವೆಂದ ಹೆಸರನ್ನು ಬದಲಿಸಲಿ. ಇನ್ನೊಂದನ್ನು ಎಲ್ಲರದ್ದೂ ಸೇರಿಸಿ ದಾರ ಹಾಕಿ ಹೊಲಿಯಿರಿ, ರಟ್ಟು ಕಟ್ಟಿಸಿ, ಶಾಲೆಯ ಗ್ರಂಥಾಲಯದ ರಿಜಿಸ್ಟರಿನಲ್ಲಿ ಉಳಿದ ಪುಸ್ತಕಗಳಂತೆಯೇ ನಂಬರು ಕೊಡಿಸಿ. ಮುಂದಿನ ವರ್ಷದ ಎಂಟನೆಯ ತರಗತಿಯ ಓದಿನ ಪಟ್ಟಿಯಲ್ಲಿ ಅದರ ಹೆಸರೂ ಇರಲಿ.